ಅಮ್ಮನ ಮೇಲಿನ ಆಣೆ

ಸೆಪ್ಟೆಂಬರ್ 8, 2025, ಸೋಮವಾರ
ಮಾನಸಗಂಗೋತ್ರಿ

ಎಂ.ಎ. ತರಗತಿಗೆ ಸಮಾಜಶಾಸ್ತ್ರಜ್ಞ ಡರ್ಖೀಮ್ ಪಾಠ ಶುರುಮಾಡಿದೆ. ಆತ್ಮಹತ್ಯೆ ಒಬ್ಬರ ಮನಸ್ಸಿನ ವಿಚಾರವಷ್ಟೇ ಅಲ್ಲ, ಸಮಾಜದ ಜೊತೆ ಅವರ ನಂಟು ಎಷ್ಟು ಗಟ್ಟಿಯಾಗಿದೆ ಎಂಬುದೂ ಮುಖ್ಯ ಅಂತ 1897ರಲ್ಲೇ ವಾದಿಸಿದವನು. ಎಲ್ಲರೂ ಬರೆದುಕೊಂಡರು. 'ನಿಮಗೇನು ಅನ್ನಿಸುತ್ತೆ?' ಎಂದಾಗ ಮಾತ್ರ ಪೆನ್ನು ನಿಂತವು.

'ಹೇಡಿತನ ಮೇಡಂ. ಅಪ್ಪ ಅಮ್ಮನ್ನಾದ್ರೂ ನೆನೆಸ್ಕೋಬೇಕಿತ್ತು' ಎಂದ ಒಬ್ಬ. ಇನ್ನೊಬ್ಬ, 'ಹೇಳ್ಕೊಂಡು ತಿರುಗೋರು ಏನೂ ಮಾಡ್ಕೊಳ್ಳಲ್ಲ, ಬೊಗಳೋ ನಾಯಿ ಕಚ್ಚಲ್ಲ' ಎಂದ. ಕೆಲವರು ನಕ್ಕರು.

ಇವರು ಕಲ್ಲುಮನಸ್ಸಿನ ಮಕ್ಕಳಲ್ಲ. ಗೆಳೆಯನ ಪರೀಕ್ಷಾ ಶುಲ್ಕಕ್ಕೆ ತಾವೇ ದುಡ್ಡು ಕೂಡಿಸಿ ಕಟ್ಟಿದವರು. ಆದರೂ ಆ ಗಾದೆ ಈ ವಿಷಯದಲ್ಲಿ ಪೂರ್ತಿ ಸುಳ್ಳು. ಜೀವ ಕಳೆದುಕೊಂಡವರಲ್ಲಿ ಬಹಳ ಮಂದಿ ಮೊದಲೇ ಯಾರ ಹತ್ತಿರವೋ ಬಾಯಿ ಬಿಟ್ಟಿರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಹೀಗೆ ಹೋದ ವಿದ್ಯಾರ್ಥಿಗಳು 13,044. ಅವರಲ್ಲಿ ಎಷ್ಟು ಮಂದಿಯ ಮಾತನ್ನು ನಗುತ್ತಾ ತಳ್ಳಿಹಾಕಿದ್ದರೋ.

ಸೆಪ್ಟೆಂಬರ್ 9

ಇವತ್ತು ಕಾನೂನಿನ ಮಾತು ಬಂತು. ಬದುಕಿ ಉಳಿದರೆ ಪೊಲೀಸ್ ಕೇಸು, ಜೈಲು ಎಂದೇ ಇನ್ನೂ ನಂಬಿದ್ದಾರೆ. ಹಳೆಯ ದಂಡಸಂಹಿತೆಯ 309ನೇ ಕಲಂ ಹಾಗೆ ಹೇಳುತ್ತಿದ್ದುದು ನಿಜ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈನಲ್ಲಿ ಬಂದ ಹೊಸ ಸಂಹಿತೆಯಲ್ಲಿ ಆ ಕಲಂ ಇಲ್ಲ. ಕೇಸಿನ ಭಯಕ್ಕೆ ಆಸ್ಪತ್ರೆಗೆ ಹೋಗದೆ ಇರಬೇಡಿ ಎಂದು ಎರಡು ಸಲ ಹೇಳಿದೆ.

ಸೆಪ್ಟೆಂಬರ್ 10

ಆತ್ಮಹತ್ಯೆ ತಡೆ ದಿನ. ಸಂಜೆ ಎಲ್ಲ ಹೋದ ಮೇಲೆ ಒಬ್ಬ ಹುಡುಗಿ ಬಂದು ಬಾಗಿಲಲ್ಲೇ ನಿಂತಳು. ರೂಮಿನ ಗೆಳತಿ ಊಟ ಬಿಟ್ಟಿದ್ದಾಳೆ, 'ನಾನಿದ್ದು ಯಾರಿಗೇನು' ಅನ್ನುತ್ತಾಳೆ. ಯಾರಿಗೂ ಹೇಳಬಾರದೆಂದು ಅಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದಾಳೆ.

'ಹೇಳಿದ್ದು ತಪ್ಪಾ ಮೇಡಂ?'

ಹೇಡಿತನ ಎನ್ನುವವರಿಗಿಂತ ನನಗೆ ಈ ಆಣೆಯದೇ ಹೆಚ್ಚು ಭಯ. ಗುಟ್ಟು ಕಾಯುವುದೇ ಸ್ನೇಹವೆಂದು ಬೆಳೆದ ಹುಡುಗರು, ಹೊರಲಾರದ್ದನ್ನು ಒಬ್ಬರೇ ಹೊರುತ್ತಾರೆ. ತಪ್ಪಲ್ಲ ಮಗಳೇ ಎಂದೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಹೆದರಿದ್ದಳು. ಹಾಗಾಗುವುದಿಲ್ಲ, ಕೇಳಿದರೆ ಎಷ್ಟೋ ಜನಕ್ಕೆ ಭಾರ ಇಳಿಯುತ್ತದೆ. ಇಬ್ಬರೂ ಹಾಸ್ಟೆಲಿಗೆ ಹೋದೆವು. ಆ ಗೆಳತಿಯನ್ನು ನಾನೇ ಕೇಳಿದೆ: 'ಸಾಯಬೇಕು ಅನ್ನಿಸ್ತಿದೆಯಾ?' ಹೌದೆಂದು ತಲೆಯಾಡಿಸಿದಳು. ಆಮೇಲೆ ಬಹಳ ಹೊತ್ತು ಮಾತಾಡಿದಳು. ಬ್ಯಾಕ್‌ಲಾಗು, ಮನೆಯ ಸಾಲ, ಮದುವೆಯ ಒತ್ತಾಯ, ಎಲ್ಲ. ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿದೆವು, ಕನ್ನಡದಲ್ಲೇ ಮಾತಾಡಿದರು. ರಾತ್ರಿ ಅವಳನ್ನು ಒಂಟಿಯಾಗಿ ಬಿಡಲಿಲ್ಲ.

ಸೆಪ್ಟೆಂಬರ್ 12

ನಿನ್ನೆ ಅವಳನ್ನು ಮನೋವೈದ್ಯರಿಗೆ ತೋರಿಸಿಯಾಯಿತು. ಅಣ್ಣ ಬಂದಿದ್ದಾನೆ. ಆಣೆ ಮುರಿದ ಗೆಳತಿಯ ಮೇಲೆ ಅವಳಿಗಿನ್ನೂ ಸಿಟ್ಟಿದೆಯಂತೆ, ಮಾತಿಲ್ಲ. ಈ ಹುಡುಗಿಯೋ ಅಳುತ್ತಾ ಬಂದಿದ್ದಳು. ಅವಳನ್ನೂ ಸೋಮವಾರ ಆಪ್ತಸಮಾಲೋಚಕರ ಹತ್ತಿರ ಕರೆದೊಯ್ಯಬೇಕು.