ಮೌನಂ ಸಮ್ಮತಿಲಕ್ಷಣಂ

ಮೈಸೂರಿನ ನಿವೃತ್ತ ಮೇಷ್ಟರೊಬ್ಬರು 35 ವರ್ಷಕಾಲ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಸರಿಗುರುತು ಹಾಕುತ್ತ ಬಂದವರು. ಓದದೆ ಗುರುತು ಹಾಕಿದವರಲ್ಲ. ಓದದೆ ರುಜು ಮಾಡಿದವರೂ ಅಲ್ಲ. ಅಂಥವರ ಹೆಸರಿನಲ್ಲಿ ಬೇರೆ ಯಾರೋ ಸರಿಗುರುತು ಹಾಕಿದರೆ ಅವರ ಮನಸ್ಸಿಗೆ ಹೇಗಾಗಬೇಡ?

ಸಂಗತಿಯೇನೋ ಸಣ್ಣದು. ಶಿವಮೊಗ್ಗದಲ್ಲಿರುವ ಅಕ್ಕನನ್ನು ನೋಡಿಬರಲೆಂದು ಮೇಷ್ಟರು ಮೊಬೈಲಿನಲ್ಲಿ ಬಸ್ಸಿನ ಟಿಕೆಟು ಕೊಂಡರು. ಹಣ ಸಂದಾಯವಾದ ಮೇಲೆ ನೋಡುತ್ತಾರೆ, ದರಕ್ಕಿಂತ ಕೆಲವು ರೂಪಾಯಿ ಹೆಚ್ಚು! ಪ್ರಯಾಣ ವಿಮೆಯಂತೆ.

“ನಾನು ಕೇಳಲೇ ಇಲ್ಲವಲ್ಲ?” ಎಂದರು.

ಕಾಲೇಜಿಗೆ ಹೋಗುವ ಮೊಮ್ಮಗಳು ನಕ್ಕಳು. “ಅಲ್ಲೊಂದು ಪುಟ್ಟ ಚೌಕವಿತ್ತು, ತಾತ. ಗುರುತನ್ನು ಅವರೇ ಹಾಕಿಟ್ಟಿರುತ್ತಾರೆ. ನೀವು ತೆಗೆಯಲಿಲ್ಲ, ಆದ್ದರಿಂದ ಒಪ್ಪಿದಿರಿ ಎಂದು ಲೆಕ್ಕ.”

ಹಿಂದಿರುಗುವ ಟಿಕೆಟು ಕೊಳ್ಳುವಾಗ ಮೇಷ್ಟರು ಕನ್ನಡಕ ಒರೆಸಿಕೊಂಡು ಕುಳಿತರು. ‘ವಿಮೆ ಬೇಕು’ ಎಂಬುದು ಹಸುರು ಬಣ್ಣದಲ್ಲಿ ದಪ್ಪವಾಗಿ ರಾರಾಜಿಸುತ್ತಿತ್ತು. ಅದರ ಕೆಳಗೆ, ಕಣ್ಣಿಗೆ ಕಾಣಿಸಲೋ ಬೇಡವೋ ಎಂಬಂತೆ ಬೂದಿಬಣ್ಣದ ಸಾಲೊಂದು: ‘ನನ್ನ ಸುರಕ್ಷತೆಯ ಚಿಂತೆ ನನಗಿಲ್ಲ.’ ಬೇಡವೆನ್ನಬೇಕಾದರೆ ತನ್ನನ್ನು ತಾನೇ ಹಳಿದುಕೊಳ್ಳಬೇಕು!

ಈ ಕಪಟವಿದ್ಯೆಗೆ 2010ರಲ್ಲಿ ಇಂಗ್ಲೆಂಡಿನ ವಿನ್ಯಾಸಕಾರ ಹ್ಯಾರಿ ಬ್ರಿಗ್ನಲ್ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗಲಾರದೆಂದು 2019ರಲ್ಲಿ ಯೂರೋಪಿನ ಒಕ್ಕೂಟದ ನ್ಯಾಯಾಲಯ ತೀರ್ಪಿತ್ತಿತು. ಭಾರತದಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು, ಚಂದಾದಾರನಾಗಲು ಹೆಬ್ಬಾಗಿಲು ತೆರೆದು ಬಿಟ್ಟುಹೋಗಲು ಕಿಂಡಿಯನ್ನಷ್ಟೇ ಇಡುವುದು, ಎಲ್ಲವೂ ಆ ಪಟ್ಟಿಯಲ್ಲಿವೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಒಬ್ಬನ ವಿವರಗಳನ್ನು ಬಳಸಲು ಪಡೆಯುವ ಒಪ್ಪಿಗೆ ಸ್ವತಂತ್ರವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಅಂದರೆ, ಮೌನ ಸಮ್ಮತಿಯಲ್ಲ.

ಮೊಮ್ಮಗಳು ಇದನ್ನೆಲ್ಲ ವಿವರಿಸುತ್ತಿದ್ದಾಗ ಮೇಷ್ಟರ ಮನಸ್ಸು 1965ರ ವೈಶಾಖಕ್ಕೆ ಹೋಗಿತ್ತು. ನಡುಮನೆಯಲ್ಲಿ ಹಿರಿಯರ ಸಭೆ. ಎಸ್.ಎಸ್.ಎಲ್.ಸಿ. ಮುಗಿಸಿ, ಕಾಲೇಜಿನ ಕನಸು ಕಾಣುತ್ತಿದ್ದ 17 ವರ್ಷದ ಅಕ್ಕ ಒಳಬಾಗಿಲ ಮರೆಯಲ್ಲಿ ತಲೆತಗ್ಗಿಸಿ ನಿಂತಿದ್ದಳು. “ಹುಡುಗಿ ಏನನ್ನುತ್ತಾಳೆ?” ಎಂದು ಯಾರೋ ಕೇಳಿದರು, ಅವಳನ್ನಲ್ಲ, ಅವಳ ತಂದೆಯನ್ನು. “ಮೌನಂ ಸಮ್ಮತಿಲಕ್ಷಣಂ” ಎಂದು ಪುರೋಹಿತರು ನಕ್ಕರು, ಸಭೆಯೂ ನಕ್ಕಿತು. 12 ವರ್ಷದ ಹುಡುಗನಾಗಿದ್ದ ಮೇಷ್ಟರೂ ನಕ್ಕಿದ್ದರು. ಅವಳ ಬಾಳಿನ ಚೌಕದಲ್ಲಿ ಗುರುತನ್ನು ಹಾಗೆ ಮೊದಲೇ ಹಾಕಿಡಲಾಗಿತ್ತು.

ಶಿವಮೊಗ್ಗದಲ್ಲಿ ರಾತ್ರಿ ಊಟವಾದ ಮೇಲೆ, ಅಷ್ಟು ವರ್ಷ ನಾಲಗೆಗೆ ಬಾರದಿದ್ದ ಮಾತನ್ನು ಮೇಷ್ಟರು ಆಡಿದರು. “ಅಕ್ಕ, ಅಂದು ನಿನ್ನನ್ನು ಕೇಳಿದ್ದರೆ ಏನೆನ್ನುತ್ತಿದ್ದೆ?”

ಅಕ್ಕ ಎಲೆಗೆ ಸುಣ್ಣ ಸವರುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ಒಪ್ಪಿಗೆ ಎಂದೇ ಹೇಳುತ್ತಿದ್ದೆನೋ ಏನೋ. ನಿಮ್ಮ ಭಾವ ಒಳ್ಳೆಯವರೇ ಆಗಿದ್ದರು. ಆದರೆ ಅದನ್ನು ನಾನು ಹೇಳಬೇಕಾಗಿತ್ತಪ್ಪ.”