ಕ್ಷೌರದ ಕುಂಚಕ್ಕೆ ಎಷ್ಟು ಬೆಲೆ ಕೊಡಬಹುದು?

ಹಳೆಯ ವಿದ್ಯಾರ್ಥಿಗಳಿಂದ ನನಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಮಕ್ಕಳ ಓದು, ಊರಿನ ಜಮೀನು, ಮಂಡಿನೋವು ಇವುಗಳ ಸುತ್ತಲೇ ಇರುತ್ತವೆ. ಈ ಸಲ 1991ರ ಎಸ್‌ಎಸ್‌ಎಲ್‌ಸಿ ತಂಡದವನೊಬ್ಬ ಕೇಳಿರುವುದು ತೀರ ಬೇರೆ. ಅವನಿಗೆ ಐವತ್ತು ತುಂಬುತ್ತಿದೆಯಂತೆ. ಕೆಲಸಕ್ಕೆ ಸೇರಿರುವ ಮಗಳು ಒಂಬತ್ತು ಸಾವಿರ ರೂಪಾಯಿಯ ಶೇವಿಂಗ್ ಬ್ರಷ್ಷನ್ನು ಉಡುಗೊರೆಯಾಗಿ ಕೊಡುತ್ತೇನೆಂದು ಹಟ ಹಿಡಿದಿದ್ದಾಳಂತೆ. "ಸರ್, ಅದರಲ್ಲಿ ಅಂಥದ್ದೇನಿದೆ? ನೀವು ವಿಜ್ಞಾನದ ಮೇಷ್ಟರು, ಹೇಳಿ" ಎಂದು ಬರೆದಿದ್ದಾನೆ. ಉತ್ತರ ಇತರರಿಗೂ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ. ಗಡ್ಡ ಬಿಟ್ಟುಕೊಂಡಿರುವ ಇಂದಿನ ಯುವಕರು ಮುಂದಿನ ಲೇಖನಕ್ಕಾಗಿ ಕಾಯಬಹುದು.

ಮೊದಲು ಕುಂಚದ ಕೆಲಸವೇನು ಎಂಬುದನ್ನು ನೋಡೋಣ. ಗಡ್ಡದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿರುವಾಗ ಅದು ಬಿರುಸು. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ನೀರು ಹೀರಿ, ಉಬ್ಬಿ, ಮೆತ್ತಗಾಗುತ್ತದೆ. ಮೆತ್ತಗಾದ ಕೂದಲನ್ನು ಕತ್ತರಿಸಲು ಬ್ಲೇಡಿಗೆ ಕಡಿಮೆ ಬಲ ಸಾಕು. ಆದರೆ ಮುಖದ ಮೇಲೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುವುದಕ್ಕೆ ನೊರೆ ಬೇಕು. ಕುಂಚವು ನೀರು, ಸಾಬೂನು, ಗಾಳಿ ಈ ಮೂರನ್ನೂ ಬೆರೆಸಿ ನೊರೆ ಮಾಡುತ್ತದೆ. ಮಲಗಿರುವ ಕೂದಲನ್ನು ಎಬ್ಬಿಸಿ ಬುಡದವರೆಗೂ ಆ ನೊರೆಯನ್ನು ಮುಟ್ಟಿಸುತ್ತದೆ. ಇಷ್ಟೇ ಅದರ ಕೆಲಸ. ಈ ಕೆಲಸದಲ್ಲಿ ನೀರಿನ ಪಾಲು ದೊಡ್ಡದು, ಕುಂಚದ ಪಾಲು ಚಿಕ್ಕದು.

ಈ ಮಾತನ್ನು ನನಗೆ ಕಲಿಸಿದ್ದು ಪಾವಗಡ ತಾಲ್ಲೂಕು. ಅಲ್ಲಿಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಏಳು ವರ್ಷ ಇದ್ದೆ. ಕೊಳವೆಬಾವಿಯ ನೀರು ಎಷ್ಟು ಗಡಸೆಂದರೆ, ಎಷ್ಟು ಉಜ್ಜಿದರೂ ನೊರೆಯ ಬದಲು ಬಿಳಿಯ ಗಸಿ ಬರುತ್ತಿತ್ತು. ಎಂಟನೆಯ ತರಗತಿಯ ಪಾಠ ನಿಮಗೆ ನೆನಪಿರಬೇಕು: ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನ ಸ್ಟಿಯರೇಟಿನೊಡನೆ ಸೇರಿ ಕರಗದ ಕ್ಯಾಲ್ಸಿಯಂ ಸ್ಟಿಯರೇಟ್ ಆಗುತ್ತದೆ, ಕ್ಯಾಲ್ಸಿಯಂ ಮುಗಿಯುವವರೆಗೆ ಸಾಬೂನು ಗಸಿಯಾಗುವುದರಲ್ಲಿಯೇ ಖರ್ಚಾಗುತ್ತದೆ. ಇದನ್ನು ತೋರಿಸಲು ಎರಡು ಪ್ರನಾಳಗಳಲ್ಲಿ ಬಾವಿನೀರನ್ನೂ ಮಳೆನೀರನ್ನೂ ತುಂಬಿ, ಸಾಬೂನು ಹಾಕಿ ಕುಲುಕಿಸುತ್ತಿದ್ದೆನಲ್ಲ? ಅದೇ ಪ್ರಯೋಗವನ್ನು ಪ್ರತಿದಿನ ನನ್ನ ಕೆನ್ನೆಯ ಮೇಲೂ ಮಾಡಿಕೊಳ್ಳುತ್ತಿದ್ದೆ. ತಾಮ್ರದ ಕೊಳದಪ್ಪಲೆಯಲ್ಲಿ ಹಿಡಿದಿಟ್ಟ ಮಳೆನೀರಾದರೆ ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಹಿಡಿಯ ಕುಂಚದಿಂದಲೂ ಮೊಸರಿನಂಥ ನೊರೆ ಬರುತ್ತಿತ್ತು. ಬಾವಿನೀರಿಗೆ ಚಕ್ರವರ್ತಿಯ ಕುಂಚ ತಂದರೂ ಗಸಿಯೇ. ಆದ್ದರಿಂದ ನನ್ನ ವಿದ್ಯಾರ್ಥಿಗೆ ಮೊದಲ ಮಾತು: ಒಂಬತ್ತು ಸಾವಿರ ಖರ್ಚು ಮಾಡುವ ಮೊದಲು ಒಂದು ಲೋಟ ಶುದ್ಧೀಕರಿಸಿದ ನೀರನ್ನು ಕಾಯಿಸಿ, ಈಗಿರುವ ಕುಂಚದಿಂದಲೇ ಒಮ್ಮೆ ಪ್ರಯತ್ನಿಸಿ ನೋಡಪ್ಪ.

ಇನ್ನು ಕೂದಲಿನ ವಿಚಾರ. ನಮ್ಮ ಹಿರಿಯರು ಬಳಸಿದ ಕುಂಚಗಳಲ್ಲಿ ಬಹುಪಾಲು ಹಂದಿಯ ಕೂದಲಿನವು. ಮಡಿವಂತರು ಯಾರೂ ಅದನ್ನು ವಿಚಾರಿಸುತ್ತಿರಲಿಲ್ಲ, ಅಂಗಡಿಯವನೂ ಹೇಳುತ್ತಿರಲಿಲ್ಲ. ಕಾನ್ಪುರವು ಹಂದಿಕೂದಲಿನ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾದ ಊರು. ಈ ಕೂದಲು ನೀರನ್ನು ತಾನೇ ಹೀರಿಕೊಳ್ಳುತ್ತದೆ, ಆದ್ದರಿಂದ ಬಳಸುವ ಮೊದಲು ಕೆಲವು ನಿಮಿಷ ನೆನೆಸಬೇಕು. ಹೊಸತರಲ್ಲಿ ಚುಚ್ಚುತ್ತದೆ, ಕೆಲವು ವಾರ ಬಳಸಿದ ಮೇಲೆ ತುದಿಗಳು ಸೀಳಿ ಮೆತ್ತಗಾಗುತ್ತವೆ. ಹೊಸ ಚಪ್ಪಲಿಯ ಹಾಗೆ, ಸ್ವಲ್ಪ ಸಹಿಸಿಕೊಂಡವರಿಗೆ ಒಲಿಯುತ್ತದೆ.

ದುಬಾರಿಯಾದದ್ದು ಬ್ಯಾಜರ್ ಎಂಬ ಪ್ರಾಣಿಯ ಕೂದಲು. ನಮ್ಮ ಕಾವೇರಿ ವನ್ಯಧಾಮದ ಕ್ಯಾಮೆರಾಗಳಿಗೆ ಸಿಕ್ಕಿರುವ ತರಕರಡಿ ಇದರ ದೂರದ ದಾಯಾದಿ. ಕುಂಚಕ್ಕೆ ಬರುವುದು ಅದರ ಕೂದಲಲ್ಲ. ಬ್ರಿಟನ್ನಿನ ಬ್ಯಾಜರನ್ನು ಅಲ್ಲಿಯ 1992ರ ಕಾನೂನು ರಕ್ಷಿಸುತ್ತದೆ. ಹೀಗಾಗಿ ಇಂಗ್ಲೆಂಡಿನ ಹೆಸರಾಂತ ಕಂಪನಿಗಳ ಕುಂಚಗಳಿಗೂ ಕೂದಲು ಬರುವುದು ಚೀನಾದಿಂದ. ಈ ಕೂದಲು ನಡುವೆ ದಪ್ಪ, ತುದಿಯಲ್ಲಿ ನವಿರು. ಬುಡ ಬಿಳುಪು, ಮಧ್ಯೆ ಕಪ್ಪು ಪಟ್ಟಿ, ತುದಿ ಮತ್ತೆ ಬಿಳುಪು. ಎಳೆಗಳ ನಡುವೆ ಬಹಳ ನೀರು ಹಿಡಿಯುತ್ತದೆ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದು ದರ್ಜೆಗಳಿವೆ. ಆದರೆ ಚಿನ್ನಕ್ಕೆ ಹಾಲ್‌ಮಾರ್ಕ್ ಇರುವಂತೆ ಇವಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬ ತಯಾರಕನ 'ಸೂಪರ್' ಇನ್ನೊಬ್ಬನ 'ಬೆಸ್ಟ್' ಆಗಿರಬಹುದು. ಸಿಲ್ವರ್‌ಟಿಪ್ ಕುಂಚದ ಬೆಲೆ ನೂರು ಪೌಂಡನ್ನು ದಾಟುವುದು ವಿಶೇಷವೇನಲ್ಲ. ಆ ಹಣದಲ್ಲಿ ಒಂದಷ್ಟು ಕೂದಲಿಗೆ, ಒಂದಷ್ಟು ಕೈಯಿಂದ ಕಟ್ಟಿದ ಕುಶಲತೆಗೆ, ಮಿಕ್ಕದ್ದು ಹಿಡಿಗೆ, ಹೆಸರಿಗೆ, ಪೆಟ್ಟಿಗೆಗೆ.

ಹೆಸರಿಗೆ ತೆರುವ ಬೆಲೆಯಿಂದ ಹಿಂದೊಮ್ಮೆ ವಿಚಿತ್ರವಾದ ಅನಾಹುತವೂ ಆಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ಯಾಜರ್ ಕೂದಲು ಸಿಗುವುದು ಕಷ್ಟವಾಯಿತು. ಕುದುರೆಯ ಕೂದಲಿಗೆ ಬಣ್ಣ ಹಾಕಿ ಬ್ಯಾಜರಿನಂತೆ ಕಾಣಿಸಿ ಮಾರತೊಡಗಿದರು. ಯುದ್ಧದ ಗಡಿಬಿಡಿಯಲ್ಲಿ ಅದನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ಅದರಲ್ಲಿ ಅಡಗಿದ್ದ ಆಂಥ್ರಾಕ್ಸ್ ರೋಗಾಣುಗಳು, ಅಂದರೆ ನಮ್ಮಲ್ಲಿ ದನಗಳಿಗೆ ಬರುವ ನೆರಡಿ ರೋಗದವು, ಕ್ಷೌರದ ಸಣ್ಣ ಗೀರುಗಳ ಮೂಲಕ ಮೈ ಹೊಕ್ಕವು. ಬ್ರಿಟನ್, ಅಮೆರಿಕಗಳ ಸೈನಿಕರು ಮತ್ತು ನಾಗರಿಕರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು, ಹಲವರು ಸತ್ತರು. 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಇಂದು ಹೆದರಬೇಕಾಗಿಲ್ಲ. ಆದರೂ ಅಜ್ಜನ ಕಾಲದ ಕುಂಚವೆಂದು ಯಾರಾದರೂ ಹಳೆಯದನ್ನು ಮಾರಲು ಬಂದರೆ ನಾನಂತೂ ಮುಟ್ಟಲಾರೆ.

ಬೆಲೆಬಾಳುವ ಕುಂಚವನ್ನು ನಾನು ಬಳಸಿಯೇ ಇಲ್ಲವೆಂದುಕೊಳ್ಳಬೇಡಿ. ಬಳಸಿದ್ದೇನೆ, ನನ್ನ ಮುಖಕ್ಕಲ್ಲ.

ನಮ್ಮ ತಂದೆಯವರಿಗೆ 2016ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಆಗ ಅವರಿಗೆ ಎಂಬತ್ತೆಂಟು. ಹದಿನೆಂಟರಿಂದ ಒಂದು ದಿನವೂ ತಪ್ಪದೆ ಸ್ನಾನಕ್ಕೆ ಮುಂಚೆ ತಮ್ಮ ಗಡ್ಡವನ್ನು ತಾವೇ ತೆಗೆದುಕೊಂಡವರು. ಮೂರು ದಿನದ ಬಿಳಿಯ ಗಡ್ಡದೊಡನೆ ಮಲಗಿದ್ದಾಗ, ನೋಡಲು ಬಂದವರ ಕಡೆಗೆ ಮುಖ ತಿರುಗಿಸುತ್ತಲೇ ಇರಲಿಲ್ಲ. ಅವರ ನೋವು ಕೈಯದಕ್ಕಿಂತ ಇದರದೇ ಹೆಚ್ಚೆಂದು ನನಗೆ ತಿಳಿಯಿತು. ಕ್ಷೌರ ನನ್ನ ಕೆಲಸವಾಯಿತು. ವಿದ್ಯುತ್ ಯಂತ್ರವನ್ನು ವೈದ್ಯರು ಸೂಚಿಸಿದರು. ಅದರ ಗೊರಗೊರ ಸದ್ದಿಗೆ ಇವರು ತಲೆ ಕೊಡವಿದರು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಡುತ್ತಿದ್ದುದರಿಂದ ಒಂದು ಸಣ್ಣ ಗೀರು ಬಿದ್ದರೂ ಅರ್ಧ ಗಂಟೆ ಹತ್ತಿ ಒತ್ತಿ ಹಿಡಿಯಬೇಕಾಗುತ್ತಿತ್ತು. ಆ ವಯಸ್ಸಿನ ಚರ್ಮವಾದರೋ ಹಳೆಯ ಪುಸ್ತಕದ ಹಾಳೆ. ಅವರ ಹಂದಿಕೂದಲಿನ ಕುಂಚ ಸವೆದು ಮೋಟಾಗಿತ್ತು, ಸವರಿದರೆ ಕೆನ್ನೆ ಕೆಂಪಾಗುತ್ತಿತ್ತು.

ಇಂಗ್ಲೆಂಡಿನಲ್ಲಿರುವ ತಂಗಿಯ ಮಗ ಆ ವರ್ಷ ಬಂದಾಗ ತಾತನಿಗೆಂದು ಬ್ಯಾಜರ್ ಕುಂಚ ತಂದ. (ಅವನೂ ಇದನ್ನು ಓದುತ್ತಾನೆ, ಮುನಿಸಿಕೊಳ್ಳಲಾರ.) ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು: ಅಷ್ಟು ಮೃದುವಾದ ವಸ್ತುವನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ನೊರೆ ಸವರುವಾಗ ತಂದೆಯವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ, "ಇದು ಯಾವುದರ ಕೂದಲೋ?" ಎಂದರು. ಹೇಳಿದೆ. "ಕುರಿಯ ಹಾಗೆ ಕತ್ತರಿಸಿಕೊಂಡು ಬಿಟ್ಟುಬಿಡುತ್ತಾರೋ?" ಇಲ್ಲ, ಕೊಂದು ಚರ್ಮ ಸುಲಿಯುತ್ತಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಯಿಂದ ನನ್ನದನ್ನೇ ತಾ" ಎಂದರು. ನಿಮ್ಮದು ಹಂದಿಯದ್ದು ಎಂದು ನಾನು ನೆನಪಿಸಿದೆ. "ಅದು ತಿನ್ನುವವರಿಗಾಗಿ ಹೇಗೂ ಸತ್ತಿತ್ತು. ಇದು ನನ್ನ ಗಡ್ಡಕ್ಕಾಗಿಯೇ ಸತ್ತದ್ದಲ್ಲವೇ?"

ಆ ತರ್ಕದಲ್ಲಿ ತೂತು ಹುಡುಕಬಹುದು. ಬ್ಯಾಜರನ್ನು ತಿನ್ನುವ ಜನರೂ ಇದ್ದಾರೆ. ಆದರೆ ತನ್ನದೆಂದು ಹೇಳಿಕೊಳ್ಳಲು ದಿನಕ್ಕೆ ಒಂದೆರಡು ನಿರ್ಧಾರಗಳು ಮಾತ್ರ ಉಳಿದಿರುವ ಮನುಷ್ಯನೊಡನೆ ನಾನು ವಾದಿಸಲಿಲ್ಲ.

ಹಳೆಯ ಕುಂಚಕ್ಕೆ ಮರಳುವುದಂತೂ ಸಾಧ್ಯವಿರಲಿಲ್ಲ. ಕೃತಕ ನೂಲಿನದನ್ನು ಹುಡುಕಿದೆ. ನಾವು ಕಂಡಿದ್ದ ಹಳೆಯ ನೈಲಾನ್ ಕುಂಚಗಳು ಪೊರಕೆಯಂತಿದ್ದವು. ಈಗಿನವು ಹಾಗಲ್ಲ. ಪಿಬಿಟಿ ಎಂಬ ಪಾಲಿಯೆಸ್ಟರ್ ಜಾತಿಯ ಎಳೆಗಳ ತುದಿಯನ್ನು ಸೂಜಿಗಿಂತ ನವಿರಾಗಿ ಮೊನಚು ಮಾಡಿರುತ್ತಾರೆ. ನೆನೆಸಬೇಕಾಗಿಲ್ಲ, ಬೇಗ ಒಣಗುತ್ತದೆ, ಪ್ರಾಣಿಯ ವಾಸನೆಯಿಲ್ಲ. ಆರುನೂರು ರೂಪಾಯಿಗೆ ಒಂದು ಸಿಕ್ಕಿತು. ತಂದೆಯವರ ಕೆನ್ನೆ ಅದಕ್ಕೂ ಬ್ಯಾಜರಿಗೂ ವ್ಯತ್ಯಾಸ ಎಣಿಸಲಿಲ್ಲ. ನನ್ನ ಬೆರಳಿಗೆ ತಿಳಿಯುತ್ತಿತ್ತು: ನೀರು ಸ್ವಲ್ಪ ಕಡಿಮೆ ಹಿಡಿಯುತ್ತಿತ್ತು, ಇನ್ನೊಮ್ಮೆ ಅದ್ದಬೇಕಾಗುತ್ತಿತ್ತು. ಅಷ್ಟೇ. 2018ರ ಮಾರ್ಚಿನಲ್ಲಿ ಅವರು ತೀರಿಕೊಳ್ಳುವವರೆಗೆ ಅದರಲ್ಲಿಯೇ ಕ್ಷೌರ ನಡೆಯಿತು. ಅಷ್ಟು ದಿನಗಳಲ್ಲಿ ರಕ್ತ ಬಂದದ್ದು ಎರಡೇ ಸಲ. ನೋಡಲು ಬಂದವರೊಡನೆ ಮುಖ ಕೊಟ್ಟು ಮಾತನಾಡುತ್ತಿದ್ದರು.

ಹೀಗಾಗಿ ನನ್ನ ಲೆಕ್ಕ ಹೀಗಿದೆ. ಐವತ್ತರ ಗಟ್ಟಿ ಕೆನ್ನೆಗೆ ನೂರೈವತ್ತು ಇನ್ನೂರರ ಹಂದಿಕೂದಲಿನ ಕುಂಚ ಧಾರಾಳವಾಗಿ ಸಾಕು. ನಾನು ಈಗಲೂ ಅದನ್ನೇ ಬಳಸುತ್ತೇನೆ. ವಯಸ್ಸಾದವರ, ಕಾಯಿಲೆಯವರ, ಮೊಡವೆ ಎದ್ದ ಎಳೆಯರ ಚರ್ಮಕ್ಕೆ ಮೃದುತ್ವ ಬೇಕು. ಅದಕ್ಕೆ ಐನೂರು ಆರುನೂರು ಕೊಡುವುದು ದುಂದಲ್ಲ. ಅಲ್ಲಿಂದ ಮೇಲೆ ಕೊಡುವ ಪ್ರತಿ ಸಾವಿರವೂ ಕಣ್ಣಿಗೆ ಮತ್ತು ಕೈಗೆ ಸಲ್ಲುತ್ತದೆ, ಗಡ್ಡಕ್ಕೆ ಸಲ್ಲುವುದಿಲ್ಲ. ಮಗಳಿಗೆ ಕೊಡಲೇಬೇಕೆನ್ನಿಸಿದರೆ ಒಳ್ಳೆಯ ಹಿಡಿಯಿರುವ ಕೃತಕ ಕುಂಚ ಕೊಡಲಿ, ಮಿಕ್ಕ ಹಣದಲ್ಲಿ ಅಪ್ಪನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲಿ.

ಯಾವುದನ್ನೇ ಕೊಂಡರೂ ಕುದಿಯುವ ನೀರಿಗೆ ಅದ್ದಬೇಡಿ. ಕೂದಲನ್ನು ಹಿಡಿಗೆ ಅಂಟಿಸಿದ ಗೋಂದು ಸಡಿಲವಾಗುತ್ತದೆ. ಬಳಸಿದ ಮೇಲೆ ಚೆನ್ನಾಗಿ ತೊಳೆದು, ಜಾಡಿಸಿ, ಗಾಳಿಯಾಡುವ ಕಡೆ ಇಡಿ. ಒದ್ದೆಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಮನೆಯವರು ತಿಂಗಳಿಗೊಮ್ಮೆ ಒಂದು ಲೋಟ ನೀರಿಗೆ ಎರಡು ಚಮಚ ವಿನೆಗರ್ ಬೆರೆಸಿ, ಕುಂಚದ ಕೂದಲನ್ನು ಐದು ನಿಮಿಷ ಅದ್ದಿಡಿ. ಎಳೆಗಳ ಬುಡದಲ್ಲಿ ಕುಳಿತ ಗಸಿ ಬಿಡುತ್ತದೆ. ಏಕೆ ಬಿಡುತ್ತದೆಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.