ತಳ ತೆರೆಯುವ ಪೆಟ್ಟಿಗೆ

ಹೊರಗೆ ಜಡಿಮಳೆ, ಕರೆಂಟಿಲ್ಲ. ಬಚ್ಚಲೊಲೆಯ ಕೆಂಡಕ್ಕೆ ಹಲಸಿನ ಬೀಜ ಹಾಕಿ ಕೂತಿದ್ದೆವು. ‘ಮಾವ, ವಿಯೆನ್ನಾದಲ್ಲಿ ಏನೇನು ನೋಡಿದಿರಿ?’ ಎಂದ ಅಳಿಯ. ಅರಮನೆ ನೆನಪಾಗಬೇಕಿತ್ತು. ಆಗಿದ್ದು ಒಂದು ಶವಪೆಟ್ಟಿಗೆ.

ಅಲ್ಲಿ ಅಂತ್ಯಕ್ರಿಯೆಗೆಂದೇ ಒಂದು ಮ್ಯೂಸಿಯಂ ಇದೆ. ಅದರೊಳಗೆ ಸಾದಾ ಮರದ ಪೆಟ್ಟಿಗೆ. ತಳಕ್ಕೆ ಬಾಗಿಲು, ಪಕ್ಕದಲ್ಲೊಂದು ಹಿಡಿ. ಹಿಡಿ ಎಳೆದರೆ ತಳ ತೆರೆದು, ಗೋಣಿಯಂಥ ಚೀಲದಲ್ಲಿ ಹೊಲಿದ ಹೆಣ ಗುಂಡಿಗೆ ಬೀಳಬೇಕು. ಮೇಲೆ ಸುಣ್ಣ. ಪೆಟ್ಟಿಗೆ ಮುಂದಿನ ಮನೆಗೆ.

‘ಯಾರಪ್ಪಾ ಇಂಥ ಜುಗ್ಗ?’

ಚಕ್ರವರ್ತಿ, ಎರಡನೆಯ ಜೋಸೆಫ್. ಜುಗ್ಗನಲ್ಲ, ಲೆಕ್ಕದವನು. ಕ್ಯಾಥೊಲಿಕನೇ, ಆದರೆ ಚರ್ಚಿನ ಯಜಮಾನಿಕೆ ತನ್ನದೆಂದವನು. ಪಾಠ ಹೇಳದ, ರೋಗಿಗಳ ಆರೈಕೆ ಮಾಡದ, ಬರೀ ಧ್ಯಾನದಲ್ಲಿದ್ದ ಮಠಗಳನ್ನು 1782ರಲ್ಲಿ ಮುಚ್ಚಿಸತೊಡಗಿದ. ಅವುಗಳ ಆಸ್ತಿಯಿಂದ ನಿಧಿ ಕಟ್ಟಿ ಹೊಸ ಹೊಸ ಇಗರ್ಜಿಗಳನ್ನು ತೆರೆದ. ಪಾದ್ರಿಗಳ ತರಬೇತಿಯೂ ಸರ್ಕಾರದ್ದಾಯಿತು. ಪೂಜೆಗೆ ಎಷ್ಟು ಮೇಣದ ಬತ್ತಿ ಎಂಬುದಕ್ಕೂ ಅಪ್ಪಣೆ! ಪ್ರಷ್ಯದ ದೊರೆ ಫ್ರೆಡರಿಕ್ ಅವನನ್ನು ‘ಚರ್ಚಿನ ಪರಿಚಾರಕ’ನೆಂದು ಗೇಲಿ ಮಾಡಿದನಂತೆ.

ಇದನ್ನು ತಡೆಯಲು ಆರನೆಯ ಪಯಸ್ ಪೋಪ್ ಆ ವರ್ಷವೇ ರೋಮಿನಿಂದ ಹೊರಟು ಬಂದರು. ಈಸ್ಟರಿನ ದಿನ ಆಶೀರ್ವಾದಕ್ಕೆ ಜನಸಾಗರ. ಜೋಸೆಫ್ ಉಪಚಾರಕ್ಕೆ ಕೊರತೆ ಮಾಡಲಿಲ್ಲ, ಪಟ್ಟೂ ಬಿಡಲಿಲ್ಲ. ಒಂದು ತಿಂಗಳಿದ್ದು ಪೋಪ್ ಬರಿಗೈಯಲ್ಲಿ ಮರಳಿದರು.

ಪೋಪ್‌ಗೆ ಬಗ್ಗದವನು ಪೆಟ್ಟಿಗೆಯ ವಿಷಯದಲ್ಲಿ ಸೋತ. ಆಜ್ಞೆ ಬಂದದ್ದು 1784ರಲ್ಲಿ. ಮರ ಉಳಿಯುತ್ತದೆ, ಹೆಣ ಬೇಗ ಮಣ್ಣಾಗುತ್ತದೆ ಎಂಬ ಲೆಕ್ಕ. ಜನ ರೊಚ್ಚಿಗೆದ್ದರು. ಮುಂದಿನ ವರ್ಷವೇ ಕಹಿಯಿಂದ ಹಿಂತೆಗೆದುಕೊಂಡ: ಸತ್ತ ಮೇಲೂ ಹೆಚ್ಚು ದಿನ ಕೊಳೆಯುವ ಆಸೆಯಿದ್ದರೆ ಕೊಳೆಯಲಿ ಎಂಬರ್ಥದ ಮಾತಿನೊಂದಿಗೆ.

‘ನಮ್ಮೂರ ಮಸೀದಿಯಲ್ಲೂ ಹೆಣ ಹೊರುವ ಪೆಟ್ಟಿಗೆ ಊರಿಗೆಲ್ಲ ಒಂದೇ ಅಲ್ವಾ? ಯಾರೂ ಜಗಳ ಮಾಡಿಲ್ಲ’ ಎಂದ ಅಳಿಯ.

ಹೌದು. ಆದರೆ ಅದನ್ನು ದರ್ಬಾರಿನಿಂದ ಕಳಿಸಿದ್ದಲ್ಲವಲ್ಲ.

ಮ್ಯೂಸಿಯಂ ನೋಡಿದ ಮರುದಿನ ಕಾಪುಚಿನ್ ಇಗರ್ಜಿಯ ನೆಲಮಾಳಿಗೆಗೂ ಹೋಗಿದ್ದೆ. ಜೋಸೆಫನ ತಾಯಿ ಮರಿಯಾ ತೆರೇಸಾ, ಗಂಡನೊಂದಿಗೆ, ಮನೆಯಷ್ಟು ದೊಡ್ಡ ಲೋಹದ ಶವಪೆಟ್ಟಿಗೆಯಲ್ಲಿ, ಮೈತುಂಬ ಕೆತ್ತನೆ. ಅದರ ಬುಡದಲ್ಲಿ ಮಗ. 1790ರಲ್ಲಿ ತೀರಿಕೊಂಡವನಿಗೆ ಬೋಳು ತಾಮ್ರದ ಪೆಟ್ಟಿಗೆ. ಬಗ್ಗಿ ತಳ ನೋಡಿದೆ, ಕಾವಲಿನವನು ಗದರಿದ.

‘ಮಾವ, ಬೀಜ ಸೀದು ಹೋಯ್ತು!’